ಹನ್ನೆರಡನೆಯ ಮನೆಯ ಗಾಳಿ

ಎಡಗಡೆಯ ಕೊಳವೆ ಇಪ್ಪತ್ತೇಳು ಡಿಗ್ರಿ ತೋರಿಸುತ್ತಿತ್ತು. ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದ್ದ ಬಲಗಡೆಯದು ಇಪ್ಪತ್ತೈದೂವರೆ. ನಡುವೆ ಇದ್ದದ್ದು ಒಂದೂವರೆ ಡಿಗ್ರಿ.

ಈ ಒಂದೂವರೆ ಡಿಗ್ರಿಯಿಂದ ನನ್ನ ಕೆಲಸ ಹೋಗುವುದರಲ್ಲಿತ್ತು. ಹೇಗೆಂದು ಹೇಳುವ ಮೊದಲು ಒಂದು ಮಾತು ಸ್ಪಷ್ಟಪಡಿಸಬೇಕು: ನಮ್ಮ ದೊಡ್ಡಪ್ಪನಿಗೆ ಹುಚ್ಚಿಲ್ಲ. ರಾಮನಗರದಲ್ಲಿ ಮನೆ ಬಾಡಿಗೆಗೆ ಕೊಡುವ ಹನ್ನೊಂದು ಮಂದಿ ಇದನ್ನು ಒಪ್ಪುವುದಿಲ್ಲ. ಅವರೆಲ್ಲ ಒಟ್ಟಿಗೆ ಬಂದು ಸಾಕ್ಷಿ ಹೇಳಿದರೆ ನನ್ನ ಬಳಿ ಉತ್ತರವೂ ಇಲ್ಲ. ಆದರೂ ಇಲ್ಲ, ಹುಚ್ಚಿಲ್ಲ!

ಎಂ.ಎಸ್ಸಿ. ಮುಗಿಸಿದ ಮೇಲೆ ನನಗೆ ರಾಮನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಬೆಳಗ್ಗೆ ಏಳಕ್ಕೆ ಹಾಜರಿರಬೇಕು. ನಮ್ಮೂರು ಕಲ್ಯದಿಂದ ಮೊದಲ ಬಸ್ಸು ಹಿಡಿದು, ಮಾಗಡಿಯಲ್ಲಿ ಇನ್ನೊಂದಕ್ಕೆ ಹತ್ತಿದರೂ ರಾಮನಗರ ತಲುಪುವಷ್ಟರಲ್ಲಿ ಎಂಟು ದಾಟುತ್ತದೆ. ಹಾಗಾಗಿ ಅಲ್ಲೇ ಮನೆ ಮಾಡಬೇಕು. ಅಪ್ಪ ಒಂದೇ ಷರತ್ತು ಹಾಕಿದರು. "ನಿಮ್ಮ ದೊಡ್ಡಪ್ಪ ನೋಡಿ ಸೈ ಅನ್ಲಿ, ಇರು. ಇಲ್ದಿದ್ರೆ ಬ್ಯಾಡ."

ದೊಡ್ಡಪ್ಪನೇ ಯಾಕೆ? ನಲವತ್ತು ವರ್ಷ ರೇಷ್ಮೆ ಹುಳು ಸಾಕಿ, ರಾಮನಗರದ ಗೂಡಿನ ಮಾರುಕಟ್ಟೆಗೆ ಗೂಡು ಹೊತ್ತವರು. ಅವರಿಗೆ ಗೊತ್ತಿಲ್ಲದ ಬೀದಿ ಆ ಊರಿನಲ್ಲಿ ಇಲ್ಲ ಎಂಬುದು ಮನೆಯವರ ನಂಬಿಕೆ. ನಿಜ ಹೇಳಬೇಕೆಂದರೆ, ಅವರಿಗೆ ಗೊತ್ತಿದ್ದದ್ದು ಬಸ್ ನಿಲ್ದಾಣದಿಂದ ಮಾರುಕಟ್ಟೆಗೆ ಹೋಗುವ ದಾರಿ ಮತ್ತು ಅಲ್ಲಿಂದ ವಾಪಸ್ಸು ಬರುವ ದಾರಿ. ಎರಡೂ ಒಂದೇ ದಾರಿ!

ಅವರು ಹುಳು ಸಾಕುವುದನ್ನು ಬಿಟ್ಟು ಮೂರು ವರ್ಷವಾಗಿತ್ತು. ದೊಡ್ಡಮ್ಮ ತೀರಿಕೊಂಡ ತಿಂಗಳೊಳಗೆ ಹಿಪ್ಪುನೇರಳೆ ಗಿಡಗಳನ್ನೆಲ್ಲ ಬುಡಸಮೇತ ಕೀಳಿಸಿ, ಹುಳುವಿನ ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಂಕಿ ಎಲ್ಲವನ್ನೂ ಯಾರಿಗೋ ಕೊಟ್ಟುಬಿಟ್ಟಿದ್ದರು. ಇಟ್ಟುಕೊಂಡದ್ದು ಒಂದೇ ವಸ್ತು, ಆ ಮೀಟರು. ಗಾಳಿಯಲ್ಲಿ ತೇವ ಎಷ್ಟಿದೆಯೆಂದು ನೋಡಲು ಹುಳುಮನೆಯಲ್ಲಿ ನೇತುಹಾಕುತ್ತಿದ್ದ, ಎರಡು ಗಾಜಿನ ಕೊಳವೆಗಳ ಪುಟ್ಟ ಹಲಗೆ. ಎರಡು ಅಂಕಿಗಳ ಅಂತರ ಕಡಿಮೆಯಾದಷ್ಟೂ ತೇವ ಜಾಸ್ತಿ. ತೇವ ಜಾಸ್ತಿಯಾದರೆ ಹುಳುವಿಗೆ ಸುಣ್ಣಕಟ್ಟು ರೋಗ. ಇದು ರೇಷ್ಮೆ ಬೆಳೆಯುವ ಎಲ್ಲರಿಗೂ ಗೊತ್ತು. ಆದರೆ ಸೊಸೈಟಿ ಚೀಲದಲ್ಲಿ ಆ ಹಲಗೆ, ಒಂದು ಮೊಳೆ, ಒಂದು ಗುಂಡುಕಲ್ಲು, ಊದುಬತ್ತಿ ಪೊಟ್ಟಣ ಹಾಕಿಕೊಂಡು ತಮ್ಮನ ಮಗಳಿಗೆ ಬಾಡಿಗೆ ಮನೆ ಹುಡುಕಲು ಹೊರಟವರು ಬೇರೆ ಯಾರಾದರೂ ಇದ್ದರೆ ನನಗೆ ತಿಳಿಸಿ.

ಅದು ಆಷಾಢ. ಆಷಾಢದಲ್ಲಿ ಯಾರೂ ಮನೆ ಬದಲಿಸುವುದಿಲ್ಲ. ಆದ್ದರಿಂದ ಖಾಲಿ ಮನೆಗಳು ಬೇಕಾದಷ್ಟಿದ್ದವು. ಅಮ್ಮ ತಕರಾರು ತೆಗೆದಾಗ ದೊಡ್ಡಪ್ಪ, "ಹುಳಕ್ಕೆ ಆಷಾಢ ಗೊತ್ತಾ? ಶ್ರಾವಣ ಗೊತ್ತಾ? ಗಾಳಿ ಗೊತ್ತು, ಅಷ್ಟೇಯ," ಎಂದರು. ನನ್ನನ್ನು ಹುಳುವಿನ ಲೆಕ್ಕಕ್ಕೆ ಸೇರಿಸಿದ್ದು ಅಂದೇ ನನಗೆ ಅರ್ಥವಾಗಬೇಕಿತ್ತು.

ಮೊದಲ ಮನೆ ಅರ್ಕಾವತಿಯ ಆಚೆ ದಡದಲ್ಲಿತ್ತು. ದೊಡ್ಡಪ್ಪ ಒಳಗೆ ಕಾಲಿಡುವ ಮೊದಲು ನಲ್ಲಿ ಕೇಳಿ ಕಾಲು ತೊಳೆದುಕೊಂಡರು. ಹುಳುಮನೆಗೆ ಹಾಗೆಯೇ ಹೋಗುವುದು. ಆಮೇಲೆ ಯಾರನ್ನೂ ಕೇಳದೆ ಗೋಡೆಗೆ ಮೊಳೆ ಹೊಡೆದು ಮೀಟರು ನೇತುಹಾಕಿದರು.

"ಏನ್ ಯಜಮಾನ್ರೆ, ನಮ್ ಗೋಡೆಗೆ ಜ್ವರ ಬಂದಿದ್ಯಾ?" ಎಂದು ಮನೆಯೊಡತಿ ಕೇಳಿದಳು.

"ಗೋಡೆಗಲ್ಲ ತಾಯಿ, ಗಾಳಿಗೆ. ಇಪ್ಪತ್ ನಿಮಿಷ ಯಾರೂ ಮಾತಾಡ್ಬ್ಯಾಡಿ. ಉಸುರಿನ ತ್ಯಾವ ಸೇರ್ಕಂಬುಡ್ತದೆ."

ಆಕೆ, ಆಕೆಯ ಅತ್ತೆ, ನಾನು, ಮೂವರೂ ಗೋಡೆಗೆ ಒರಗಿ ಇಪ್ಪತ್ತು ನಿಮಿಷ ಬಾಯಿ ಮುಚ್ಚಿಕೊಂಡು ಕುಳಿತೆವು. ಕೊನೆಗೆ ದೊಡ್ಡಪ್ಪ ತಲೆ ಅಲ್ಲಾಡಿಸಿ ಮೊಳೆ ಕಿತ್ತರು. ಆಗ ಅತ್ತೆ ಬಾಯಿಬಿಟ್ಟಳು: "ನನ್ ಸೊಸೆ ಇಷ್ಟೊತ್ತು ಸುಮ್ಕೆ ಕುಂತಿದ್ದು ಈ ಮನೇಲಿ ಇವತ್ತೇ ಮೊದ್ಲು. ಮನೆ ಬ್ಯಾಡದಿದ್ರೆ ಬುಡಿ ಯಜಮಾನ್ರೆ, ವಾರಕ್ಕೊಂದಪ ಆ ಹಲ್ಗೆ ತಂದು ನೇತಾಕಿ ಹೋಗಿ!"

ಇನ್ನೊಂದು ಮನೆ ನಿವೃತ್ತ ಮೇಷ್ಟರೊಬ್ಬರದು. ಅಲ್ಲಿ ದೊಡ್ಡಪ್ಪ ಊದುಬತ್ತಿ ಪರೀಕ್ಷೆ ನಡೆಸಿದರು. ಬತ್ತಿ ಹಚ್ಚಿ ನಡುಮನೆಯಲ್ಲಿ ಹಿಡಿದು ನಿಂತು ಹೊಗೆ ಯಾವ ಕಡೆ ವಾಲುತ್ತದೆಂದು ನೋಡುವುದು. ಮೇಷ್ಟರು ಇದನ್ನು ಪೂಜೆಯೆಂದು ತಿಳಿದರು. "ಒಂದು ನಿಮಿಷ ಇರಿ, ಕಾಯಿ ತರ್ತೀನಿ," ಎಂದು ಸಡಗರದಿಂದ ಒಳಗೆ ಓಡಿದರು. ಅವರು ಕಾಯಿ ಹಿಡಿದು ಬರುವುದಕ್ಕೂ ದೊಡ್ಡಪ್ಪ ತೀರ್ಪು ಕೊಡುವುದಕ್ಕೂ ಸರಿಹೋಯಿತು.

"ಕಾಯಿ ಬ್ಯಾಡ ಸ್ವಾಮಿ. ಹೊಗೆ ನೆಟ್ಟಗೆ ನಿಂತದೆ. ನಿಮ್ಮನೇಲಿ ಗಾಳಿ ಸತ್ತೋಗದೆ."

ನಾವು ಗೇಟು ದಾಟಿದ ಮೇಲೆ ಹಿಂದಿನಿಂದ ಕಾಯಿ ಒಡೆದ ಸದ್ದು ಕೇಳಿಸಿತು. ನಮ್ಮ ದೃಷ್ಟಿ ತೆಗೆಯಲು ಇರಬೇಕು.

ಬೆಟ್ಟಕ್ಕೆ ಎದುರಾಗಿದ್ದ ಮನೆಗಳನ್ನು ಅವರು ಬೀದಿಯಲ್ಲೇ ನಿಂತು ತಿರಸ್ಕರಿಸಿದರು: "ಈ ಬಂಡೆ ಹಗ್ಲೆಲ್ಲ ಬಿಸ್ಲು ಕುಡ್ದು ರಾತ್ರೆಲ್ಲ ಕಕ್ತದೆ." ರೈಲ್ವೆ ಸ್ಟೇಷನ್ನಿನ ಹಿಂದಿನ ಮನೆಯಲ್ಲಿ ಇರುವೆ ಸಾಲು ಕಂಡಿತು; ಹುಳುವಿಗೆ ಇರುವೆಯೇ ಯಮ. ಗಾಳಿ, ಬೆಳಕು ಎರಡೂ ಚೆನ್ನಾಗಿದ್ದ ಒಂದು ಮನೆಯನ್ನು, ಪಕ್ಕದವರು ಹುಳುವಿಗೆ ವಿಷವಾದ ಸೊಳ್ಳೆಬತ್ತಿ ಹಚ್ಚುತ್ತಾರೆಂಬ ಕಾರಣಕ್ಕೆ ಬಿಟ್ಟೆವು. ಸೊಳ್ಳೆಬತ್ತಿ ಹಚ್ಚದ ಮನೆ ಈ ಜಿಲ್ಲೆಯಲ್ಲಿ ಎಲ್ಲಿದೆ, ನೀವೇ ಹೇಳಿ! ಒಂದು ಭಾನುವಾರ ಚನ್ನಪಟ್ಟಣಕ್ಕೂ ಕರೆದುಕೊಂಡು ಹೋದರು. ಅಲ್ಲಿಂದ ಬರುವಾಗ ಬಸ್ಸಿನಲ್ಲಿ, "ಕನಕಪುರದ ಗಾಳಿ ಇದಕ್ಕಿಂತ ವಾಸಿ ಕಣವ್ವ, ಒಂದಪ ನೋಡಾನ," ಎಂದರು. ಲ್ಯಾಬು ಇರುವುದು ರಾಮನಗರದಲ್ಲಿ ಎಂದು ನಾನು ನೆನಪಿಸಿದೆ. "ಲ್ಯಾಬ್‌ನೋರು ಮನೆ ಬದ್ಲಾಯ್ಸಕ್ಕಿಲ್ವಾ?" ಎಂದು ಕೇಳಿದರು. ತಮಾಷೆಗೆ ಕೇಳಿದ್ದಲ್ಲ.

"ದೊಡ್ಡಪ್ಪ, ನಾನು ಹುಳ ಅಲ್ಲ," ಎಂದೆ.

"ಗೊತ್ತು ಕಣವ್ವ. ಹುಳ ಆಗಿದ್ರೆ ಇಷ್ಟ್ಯಾಕೆ ತಲೆ ಕೆಡಿಸ್ಕತಿದ್ದೆ? ಇಪ್ಪತ್ತೈದ್ ದಿನದ ಮಾತು, ಗೂಡು ಕಟ್ಬುಡ್ತದೆ."

ಒಮ್ಮೆ ಮಾತ್ರ ಅವರ ಹುಚ್ಚಾಟ ನನಗೆ ಉಪಕಾರವಾಯಿತು. ಆ ಮನೆಯ ಯಜಮಾನ ಗೇಟಿನಲ್ಲೇ ಶುರುಮಾಡಿದ್ದ: "ಒಬ್ಳೇನಾ? ಮದ್ವೆ ಆಗಿಲ್ವಾ? ಯಾವ್ ಜನ ನೀವು? ಫ್ರೆಂಡ್ಸು ಗಿಂಡ್ಸು ಅಂತ ಯಾರಾದ್ರೂ ಬತ್ತಾರಾ?" ನನ್ನ ಬಗ್ಗೆ ಇಷ್ಟು ಪ್ರಶ್ನೆಗಳನ್ನು ಒಂದೇ ಉಸಿರಿನಲ್ಲಿ ಯಾರೂ ಕೇಳಿರಲಿಲ್ಲ. ನಾನು ನೆಲ ನೋಡುತ್ತಾ ನಿಂತೆ. ದೊಡ್ಡಪ್ಪ ಬತ್ತಿ ಹಚ್ಚುತ್ತಾ, "ಅವ್ರಿವ್ರು ಬರೋದು ಅತ್ಲಾಗಿರ್ಲಿ. ಗಾಳಿ ಬತ್ತದೇನಪ್ಪ ಮೊದ್ಲು, ಅದ್ನ ಹೇಳು," ಎಂದರು. ಹೊಗೆ ಅವನ ಮುಖಕ್ಕೇ ಹೋಯಿತು. ಕೆಮ್ಮುತ್ತಾ ಒಳಗೆ ಹೋದವನು ತಿರುಗಿ ಬರಲಿಲ್ಲ.

ಹೀಗೆ ಹನ್ನೊಂದು ಮನೆ ಮುಗಿದವು. ಮುಂದಿನ ಸೋಮವಾರ ಏಳಕ್ಕೆ ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆಂದು ಲ್ಯಾಬಿನವರು ಹೇಳಿಯಾಗಿತ್ತು. ಅದರ ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ನಾನು ದೊಡ್ಡಪ್ಪನನ್ನು ಹನ್ನೆರಡನೆಯ ಮನೆಗೆ ಕರೆದೊಯ್ದೆ. ಅದನ್ನು ನಾನೇ ಮೊದಲೇ ನೋಡಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಚಾಪೆ, ಹೊದಿಕೆ, ಬಟ್ಟೆಯ ಗಂಟನ್ನೂ ಜೊತೆಗೇ ತಂದಿದ್ದೆ.

ಲ್ಯಾಬಿಗೆ ಐದು ನಿಮಿಷದ ನಡಿಗೆ. ಕೆಳಗೆ ಮನೆಯೊಡತಿ, ಹೊಲಿಗೆ ಮಾಡುವ ಹೆಂಗಸು, ಪ್ರಶ್ನೆ ಕೇಳುವವಳಲ್ಲ. ಹೊರಗಿನಿಂದ ಪ್ರತ್ಯೇಕ ಮೆಟ್ಟಿಲು. ಮೇಲೆ ಒಂದೇ ಕೋಣೆ, ಒಂದೇ ಕಿಟಕಿ, ಅದರಾಚೆ ಪಕ್ಕದ ಮನೆಯ ಗೋಡೆ. ಎದುರಿಗೆ ಬಾಗಿಲು, ಬಾಗಿಲಿಗೆ ಗಟ್ಟಿಯಾದ ಚಿಲಕ. ಐದು ವರ್ಷ ಹಾಸ್ಟೆಲಿನಲ್ಲಿ ಆರು ಜನರೊಂದಿಗೆ ಇದ್ದವಳು ನಾನು. ಊರಿನ ಮನೆಯಲ್ಲಂತೂ ಬಾಗಿಲುಗಳಿರುವುದು ತೆರೆದಿರುವುದಕ್ಕೇ. ನಾನೇ ಹಾಕಿಕೊಂಡು ನಾನೇ ತೆಗೆಯುವ ಒಂದು ಚಿಲಕ! ನನಗೆ ಬೇಕಾಗಿದ್ದದ್ದು ಅದೇ.

ದೊಡ್ಡಪ್ಪ ಬಾಗಿಲು ಮುಚ್ಚಿ ಮೀಟರು ನೇತುಹಾಕಿದರು. ಇಪ್ಪತ್ತೇಳು, ಇಪ್ಪತ್ತೈದೂವರೆ. ಬತ್ತಿ ಹಚ್ಚಿದರು. ಹೊಗೆ ನೆಟ್ಟಗೆ ನಿಂತಿತು. ಬಾಗಿಲು ತೆರೆದರು. ಹೊಗೆ ಥಟ್ಟನೆ ಕಿಟಕಿಯ ಕಡೆ ಮಲಗಿತು.

"ಬಾಗ್ಲು ತೆಗ್ದಿದ್ರೆ ಮಾತ್ರ ಗಾಳಿ ಐತೆ. ಮುಚ್ಚಿದ್ರೆ ಇಲ್ಲ."

"ನಾನು ಬಾಗಿಲು ತೆಗೆದಿಡಲ್ಲ ದೊಡ್ಡಪ್ಪ."

"ಹಂಗಾದ್ರೆ ಬ್ಯಾಡ ಕಣವ್ವ, ಈ ಮನೆ."

ನಾನು ಸಾಮಾನ್ಯವಾಗಿ ದನಿಯೇರಿಸುವವಳಲ್ಲ. ಆಗಲೂ ಏರಿಸಲಿಲ್ಲ. ನಿಧಾನವಾಗಿ, ಒಂದೊಂದೇ ಪದ ಆರಿಸಿ ಹೇಳಿದೆ. "ನಿಮ್ಮ ಮನೇಲಿ ಹುಳುವಿನ ಕೋಣೆಗೆ ನಾಲ್ಕು ಕಿಟಕಿ ಇತ್ತು. ದೊಡ್ಡಮ್ಮ ಮಲಗ್ತಿದ್ದ ಅಡುಗೆಮನೆಗೆ ಎಷ್ಟಿತ್ತು?"

ಈ ಮಾತು ನಮ್ಮ ಮನೆಯಲ್ಲಿ ಹಳೆಯ ತಮಾಷೆ. ಹುಳುಗಳಿಗೆ ನಡುಮನೆ, ಜಾಲರಿ ಹಾಕಿದ ಕಿಟಕಿ, ಮನುಷ್ಯರಿಗೆ ಅಡುಗೆಮನೆ ಎಂದು ದೊಡ್ಡಮ್ಮನೇ ನಗಾಡುತ್ತಿದ್ದರು. ನಗುವಾಗ ಅವರಿಗೆ ಉಬ್ಬಸ ಬಂದು, ಸೊಪ್ಪಿನ ಬುಟ್ಟಿ ಇಳಿಸಿ ಕುಳಿತುಬಿಡುತ್ತಿದ್ದರು.

ದೊಡ್ಡಪ್ಪ ಊದುಬತ್ತಿಯನ್ನು ಕಿಟಕಿಯ ಕಟ್ಟೆಗೆ ಒತ್ತಿ ಆರಿಸಿದರು. ಬೂದಿಯನ್ನು ಅಂಗೈಯಲ್ಲಿ ಒರೆಸಿಕೊಂಡರು.

"ಡಾಕ್ಟ್ರು ಹೇಳಿದ್ರು, ಗಾಳಿಯಾಡೋ ಕಡೆ ಮಲಗ್ಸಿ ಅಂತ," ಎಂದರು. "ಹುಳ ನಾಕ್ನೇ ಜ್ವರದಲ್ಲಿದ್ದೊ. ತಟ್ಟೆ ಅಲ್ಲಾಡ್ಸಂಗಿರ್ಲಿಲ್ಲ. ಇದೊಂದು ಬೆಳೆ ಆಗೋಗ್ಲಿ ಅಂದೆ. ಆಗ್ಲಿ ಬುಡಿ ಅಂದ್ಲು ಅವ್ಳೂವೆ."

ಹುಳು ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದೇ ಕೊನೆಯದು. ಅದಾದ ಮೇಲೆ ಎಂಟೊಂಬತ್ತು ದಿನಕ್ಕೆ ಗೂಡು.

"ಬೆಳೆ ಬಂತಾ?" ಎಂದು ನಾನು ಯಾಕೆ ಕೇಳಿದೆನೋ ಗೊತ್ತಿಲ್ಲ.

"ಬಂತು. ಅಂಥ ಗೂಡು ನಾನು ಜನ್ಮದಲ್ಲೇ ತೆಗ್ದಿರ್ಲಿಲ್ಲ."

ಕೆಳಗಿನಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು. ನಾನು ಕ್ಷಮೆ ಕೇಳಬೇಕಿತ್ತು, ಕೇಳಲಿಲ್ಲ. ದೊಡ್ಡಪ್ಪ ಚೀಲ ಮಡಿಸಿ ಕಂಕುಳಲ್ಲಿಟ್ಟುಕೊಂಡರು. "ಇರವ್ವ, ಇಲ್ಲೇ ಇರು. ನಿಮ್ಮಪ್ಪಂಗೆ ನಾನು ಹೇಳ್ತೀನಿ, ಮನೆ ಚೆನ್ನಾಗೈತೆ ಅಂತ. ಬತ್ತೀನಿ," ಎಂದರು. ಮೆಟ್ಟಿಲಿಳಿದು ಮಾಗಡಿ ಬಸ್ಸಿಗೆ ಹೋದರು. ಆಷಾಢದ ಗಾಳಿಗೆ ಅವರ ಪಂಚೆ ಒಂದೇ ಕಡೆಗೆ ಹಾರುತ್ತಿತ್ತು. ಅವರು ಬೀದಿ ತಿರುಗುವವರೆಗೆ ನೋಡಿ, ಒಳಗೆ ಬಂದು ಚಿಲಕ ಹಾಕಿಕೊಂಡೆ. ಆಗಲೇ ಕಂಡದ್ದು, ಮೀಟರನ್ನು ಅವರು ಗೋಡೆಯ ಮೇಲೆಯೇ ಬಿಟ್ಟು ಹೋಗಿದ್ದರು. ಮರೆತು ಬಿಟ್ಟುಹೋಗುವವರೇ? ಇದ್ದ ಒಂದು ಮೊಳೆಯನ್ನೂ ಬಿಡದೆ ಕಿತ್ತು ಚೀಲಕ್ಕೆ ಹಾಕುವ ಮನುಷ್ಯ!

ಸೋಮವಾರ ಐದೂವರೆಗೆ ಎದ್ದೆ. ಕನ್ನಡಕ ಹಾಕಿಕೊಂಡು ಮೊದಲು ಗೋಡೆ ನೋಡಿದೆ. ಇಪ್ಪತ್ತಾರು, ಇಪ್ಪತ್ತೈದು. ಒಂದು ರಾತ್ರಿಯ ನನ್ನ ಉಸಿರು ಅಂತರವನ್ನು ಅರ್ಧ ಡಿಗ್ರಿ ಕಡಿಮೆ ಮಾಡಿತ್ತು. ಬಲಗಡೆಯ ಕೊಳವೆಯ ಬಟ್ಟೆ ನೆನೆಯುವ ಕೆಳಗಿನ ಬಟ್ಟಲಿಗೆ ನೀರು ತುಂಬಿಸಿದೆ. ಆಮೇಲೆ ಚಿಲಕ ತೆಗೆದು, ಬಾಗಿಲನ್ನು ಗೋಡೆಗೆ ತಾಗುವಷ್ಟು ತೆರೆದು, ಗಾಳಿಗೆ ಬಡಿದುಕೊಳ್ಳದಂತೆ ನೀರಿನ ಕ್ಯಾನನ್ನು ಅದಕ್ಕೆ ಒತ್ತಾಗಿ ಇಟ್ಟೆ. ಕೆಳಗೆ ನೀರು ಹಿಡಿಯುತ್ತಿದ್ದ ಇಬ್ಬರು ಹೆಂಗಸರು ತಲೆಯೆತ್ತಿ ತೆರೆದ ಬಾಗಿಲು, ಒಳಗೆ ಹಗ್ಗದ ಮೇಲಿನ ನನ್ನ ಬಟ್ಟೆ, ಎಲ್ಲವನ್ನೂ ನೋಡಿದರು. ನೋಡಲಿ ಎಂದು ಬಿಟ್ಟೆ. ಇಪ್ಪತ್ತು ನಿಮಿಷ ಮಾತಾಡದೆ ಕುಳಿತೆ. ಮಾತಾಡಲು ಯಾರೂ ಇರಲಿಲ್ಲ, ನಿಜ. ಆದರೂ ಕ್ರಮ ಕ್ರಮವೇ. ಬಳಿಕ ದೊಡ್ಡಪ್ಪನಿಗೆ ಫೋನ್ ಮಾಡಿ, ಮೊದಲು ಒಣ ಕೊಳವೆಯದನ್ನು, ಆಮೇಲೆ ಒದ್ದೆಯದನ್ನು, ಇದ್ದಂತೆಯೇ ಓದಿ ಹೇಳಿದೆ: ಇಪ್ಪತ್ತನಾಲ್ಕು, ಇಪ್ಪತ್ತೊಂದು.