ಮೂತಿ ಕೊಯ್ಯದ ಬಾಟಲಿ

ಹಾಲಾಡಿಯ ಮೀನು ವ್ಯಾಪಾರಿ ರಾಜೀವನ ಎರಡು ತಿಂಗಳ ಮಗಳು ಗಡಿಯಾರ ನೋಡಿದವಳಂತೆ ಸಂಜೆ ಐದಕ್ಕೆ ಅಳಲು ಶುರುಮಾಡಿ, ಎಂಟಕ್ಕೆ ನಿಲ್ಲಿಸುತ್ತಿದ್ದಳು. ಹೊಟ್ಟೆ ನುಲಿತ. ಹೆಂಡತಿ ದಿವ್ಯಾ ಸೊರಗಿಹೋಗಿದ್ದಳು. ಬೈಂದೂರಿನಿಂದ ಬಂದ ಅವಳ ತಾಯಿ, ಅತ್ತೆ ಗುಲಾಬಿಯಂತೂ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು.

"ಇವತ್ತೂ ಮಗು ಮರ್ಕಿದ್ರೆ ನಾಳೆ ಬೆಳಿಗ್ಗೆ ಇಬ್ರನ್ನೂ ಕರ್ಕಂಡ್ ಹೋತೆ. ಈ ಮನಿ ಮಗುವಿಗೆ ಆತಿಲ್ಲೆ!"

ಅವರಿಬ್ಬರಿಲ್ಲದ ಮನೆಯನ್ನು ರಾಜೀವನಿಗೆ ನೆನೆಯಲೂ ಆಗಲಿಲ್ಲ.

ಮೀನು ತರಲು ಕುಂದಾಪುರಕ್ಕೆ ಹೋದವನು, ಹಿಂದಿನ ದಿನ ಮಗುವನ್ನು ನೋಡಿದ್ದ ಡಾಕ್ಟರು ಬರೆದ ಔಷಧಿಯನ್ನೂ ಕೊಂಡ. "ಇದರಲ್ಲಿರೋದು ಜೀವಂತ ಒಳ್ಳೇ ಬ್ಯಾಕ್ಟೀರಿಯಾ. ದಿನಕ್ಕೆ ಐದೇ ಹನಿ. ತಂಪಾಗಿಡಿ. ಗುಣ ಕಾಣೋಕೆ ವಾರವಾದ್ರೂ ಬೇಕು" ಎಂದಿದ್ದರು ಡಾಕ್ಟರು. ಆ ವಾರದ ವಿಷಯವನ್ನು ಅತ್ತೆಗೆ ಹೇಳುವ ಧೈರ್ಯ ಇವನಿಗಿರಲಿಲ್ಲ.

ತಂಪಾಗಿಡುವುದನ್ನು ಮೀನಿನವನಿಗೆ ಯಾರು ಕಲಿಸಬೇಕು? ಬಾಟಲಿಗೆ ಪ್ಲಾಸ್ಟಿಕ್ ಸುತ್ತಿ ಐಸ್ ಪೆಟ್ಟಿಗೆಯಲ್ಲಿ ಬಂಗುಡೆಯ ನಡುವೆ ಹುಗಿದ. ದಾರಿಯುದ್ದಕ್ಕೂ ಬೈಕಿನ ಹಾರನ್ ಹಾಕುತ್ತಾ ಮೀನು ಮಾರಿದ. ಮನೆಗೆ ಬಂದು ಪೆಟ್ಟಿಗೆ ಬೋರಲು ಹಾಕಿದರೆ, ಕರಗಿದ ಐಸಿನ ನೀರು ಮಾತ್ರ ಸುರಿಯಿತು.

ನಾಲ್ಕೂಮುಕ್ಕಾಲು! ಹತ್ತಿರದ ಗಿರಾಕಿಗಳ ಮನೆಮನೆಗೆ ಓಡಿದ. ಯಾರೂ ಕಂಡಿಲ್ಲ. ಕೊನೆಗೆ ಪಕ್ಕದ ಮನೆಯ ಜಲಜಕ್ಕನ ಅಡುಗೆಮನೆಗೆ ನುಗ್ಗಿದಾಗ ಆಕೆ ಬಾಟಲಿ ಹಿಡಿದು ಮೀನುಸಾರಿನ ಮುಂದೆ ನಿಂತಿದ್ದರು.

"ಹ್ವಾಯ್ ರಾಜೀವ, ನೀನ್ ಮೀನಿಗೆ ಹಾಕಿ ಕೊಟ್ಟ ಐಸಿನೊಟ್ಟಿಗೆ ಬಂತ್. ಎಂತ ಇದ್, ಸಾರಿಗೆ ಹಾಕುದಾ?"

"ಅಯ್ಯೋ, ಅದ್ ಮಗಿನ ಔಷಧಿ ಜಲಜಕ್ಕ!"

ಬಾಟಲಿ ಕಸಿದುಕೊಂಡು ಓಡಿದ. ಜಲಜಕ್ಕ ಒಲೆ ಆರಿಸಿ ಹಿಂದೆಯೇ ಬಂದರು. ಅಷ್ಟರಲ್ಲಿ ಮಗಳ ಅಳು ಬೀದಿ ಮುಟ್ಟಿತ್ತು. ರಾಜೀವ ಕೈ, ಬಾಟಲಿ ಎರಡನ್ನೂ ಸೋಪಿನಲ್ಲಿ ತೊಳೆದ. ಮಗುವಿನ ಬಾಯಿಯ ಮೇಲೆ ಬಾಟಲಿ ಕವುಚಿ ಐದು ಸಲ ಒತ್ತಿದ. ಅತ್ತೆ ಗಟ್ಟಿಯಾಗಿ ಎಣಿಸಿದರು. ಆಮೇಲೆ ಅವನು ಗಿರಾಕಿಗೆ ಅಂಜಲ್ ಮೀನು ತೋರಿಸುವಂತೆ ಮಗುವನ್ನು ಮುಂಗೈ ಮೇಲೆ ಬೋರಲು ಮಲಗಿಸಿಕೊಂಡ.

ಅಳು ನಿಂತಿತು. ಮಗು ಆಕಳಿಸಿ ನಿದ್ದೆಹೋಯಿತು. ದಿವ್ಯಾಳ ಕಣ್ಣಲ್ಲಿ ನೀರು.

"ಕಂಡ್ರ್ಯಾ ಅತ್ತೆ? ಮದ್ದ್ ಅಂದ್ರೆ ಇದ್!" ರಾಜೀವ ಬೀಗಿದ.

ಜಲಜಕ್ಕ ಬಾಟಲಿಯನ್ನು ಬೆಳಕಿಗೆ ಹಿಡಿದರು. "ಹ್ವಾಯ್, ಇದ್ರ ಮೂತಿಯೇ ಕೊಯ್ಯಲಿಲ್ಲೆ! ಒಂದ್ ಹನಿಯೂ ಬೀಳ್ಲಿಲ್ಲೆ ಮಾರಾಯ!"

ದಿನವಿಡೀ ಮೀನಿನ ತಲೆ ಕೊಯ್ಯುವವನು ಬಾಟಲಿಯ ಮೂತಿ ಕೊಯ್ಯಲು ಮರೆತಿದ್ದ. ಅತ್ತೆ ಮಗುವನ್ನು ತಮ್ಮ ತೊಡೆಗೆ ಎತ್ತಿಕೊಂಡರು. ಕೂಡಲೇ ಕಿರುಚಾಟ. ಮತ್ತೆ ಅವನ ಮುಂಗೈಗೆ ಕೊಟ್ಟರೆ ನಿದ್ದೆ.

ದಿವ್ಯಾ ಔಷಧಿಯ ಚೀಟಿ ಓದಿದಳು. "ಗುಣ ಕಾಂಬುಕೆ ಒಂದ್ ವಾರವಾರೂ ಬೇಕಂತ್ ಬರ್ದಿತ್."

ರಾಜೀವ ಮಗುವಿನ ಬೆನ್ನು ತಟ್ಟತೊಡಗಿದ.

"ಹಂಗಾರೆ ಆ ಕೈಯೂ ಬೈಂದೂರಿಗೆ ಬರ್ಕ್" ಎಂದರು ಅತ್ತೆ. "ದಿವ್ಯಾ, ಇವರ ಬಟ್ಟೆಯೂ ಬ್ಯಾಗಿಗೆ ಹಾಕ್."

"ಅತ್ತೆ, ನನ್ನ ವ್ಯಾಪಾರ?" ಎಂದ, ಕೈ ಅಲುಗದಂತೆ.

"ಬೈಂದೂರಂಗೆ ಸಮುದ್ರ ಇಲ್ಯಾ? ಮೆಲ್ಲ ಮಾತಾಡಿ, ಮಗು ಏಳತ್ತ್."