ಗೆಂಡೆ ಮೀನಿನ ಶ್ರಾವಣ

ನಾನು ಪದವೀಧರನಾಗುವುದು ಈ ಜನ್ಮದಲ್ಲಿ ಆಗದ ಮಾತು ಎಂದವರು ನನ್ನ ಸೋದರಮಾವ ಮುನಿಯಪ್ಪ. ತಮಿಳುನಾಡಿನ ಗಡಿಯೂರಾದ ಡೆಂಕಣಿಕೋಟೆಯಲ್ಲಿ ಅವರದೊಂದು ಎಣ್ಣೆ ಗಾಣವಿತ್ತು. ಅಪ್ಪ ತೀರಿಕೊಂಡ ಮೇಲೆ ಅಮ್ಮನೂ ನಾನೂ ಅವರ ಮನೆಯಲ್ಲೇ ಇದ್ದೆವು. "ಎಣ್ಣೆ ಕೈಯಾಗೆ ಕಾಗ್ದ ನಿಲ್ಲಲ್ಲ ಕಣ್ಲಾ, ಜಾರ್ಕೊಂಡು ಹೋಯ್ತದೆ. ಗಾಣದೆತ್ತಿನ ಹಿಂದೆ ನಿನ್ ಜಾಗ ಖಾಲಿ ಮಡ್ಗಿದ್ದೀನಿ" ಎನ್ನುತ್ತಿದ್ದರು. ಮುಂದೆ ಬರಬೇಕಾದರೆ ಯಾರಾದರೂ ಬೆನ್ನು ತಟ್ಟಬೇಕು ಎಂದು ಭಾಷಣಗಳಲ್ಲಿ ಕೇಳುತ್ತೇವೆ. ನನ್ನ ಅನುಭವ ಬೇರೆ. ಒಂದು ಎತ್ತು ನಮಗಾಗಿ ಕಾಯುತ್ತಿದೆ ಎಂದು ಗೊತ್ತಿದ್ದರೆ ಸಾಕು, ಕಾಲು ತಾನಾಗಿಯೇ ಓಡುತ್ತದೆ.

ನನ್ನ ಕಾಲು ಓಡಿ ನಿಂತದ್ದು ಸಮುದ್ರದ ಪಕ್ಕದ ಮೀನುಗಾರಿಕೆ ಕಾಲೇಜಿನಲ್ಲಿ. ಸೀಟು ಸಿಕ್ಕಿದ್ದು ಅಲ್ಲಿ, ಅದಕ್ಕೇ ಹೋದೆ. ಮೀನಿನ ಮೇಲಿನ ಪ್ರೀತಿಯಿಂದಲ್ಲ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕೊನೆಯ ವರ್ಷ ಅವರವರ ಊರಿನಲ್ಲೇ ಇದ್ದು ಒಂದು ಪ್ರಯೋಗ ಮಾಡಿ ವರದಿ ಕೊಡಬೇಕಿತ್ತು, ಕೊಡದಿದ್ದರೆ ಪದವಿ ಇಲ್ಲ. ಸಾಕುಮೀನಿನ ಮೇವಿಗೆ ಆಗ ಮೀನೆಣ್ಣೆ ಬೆರೆಸುವುದಿತ್ತು. ಕರಾವಳಿಯಿಂದ ನಮ್ಮ ಕಡೆ ಬಂದು ಸೇರುವಷ್ಟರಲ್ಲಿ ಅದು ಕಮಟು ಹಿಡಿದಿರುತ್ತಿತ್ತು. ಅದೂ ಅಲ್ಲದೆ, ಒಂದು ಮೀನನ್ನು ಬೆಳೆಸಲು ಇನ್ನಷ್ಟು ಮೀನುಗಳನ್ನು ಹಿಂಡಿ ಎಣ್ಣೆ ತೆಗೆಯುವುದು ಯಾವ ನ್ಯಾಯ ಎಂಬ ಯೋಚನೆ ನನ್ನನ್ನು ಕಾಡುತ್ತಿತ್ತು. ನಮ್ಮೂರಿನ ರಾಗಿ ಹೊಲಗಳ ಅಂಚಿನಲ್ಲಿ ಹಳದಿಯಾಗಿ ಹೂ ಬಿಡುವ ಹುಚ್ಚೆಳ್ಳಿನ ಎಣ್ಣೆ ಆ ಕೆಲಸ ಮಾಡಬಾರದೇಕೆ?

ಮಾವನಿಗೆ ಹೇಳಿದೆ. ಅವರು ಗಾಣ ನಿಲ್ಲಿಸಿ ನಕ್ಕರು. "ಮೀನ್ನ ಎಣ್ಣೆಗೆ ಬಿಡೋದು ಕಂಡಿದ್ದೀನಿ. ಎಣ್ಣೇನ ಮೀನಿಗೆ ಬಿಡೋದು ಇವತ್ತೇ ಕೇಳ್ತಿರೋದು. ಇದೂ ಆಗೋ ಕೆಲ್ಸ ಅಲ್ಲ ಕಣ್ಲಾ!" ಆದರೂ ಒಂದು ಡಬ್ಬ ತುಂಬಾ ಒಳ್ಳೆಯ ಎಣ್ಣೆ ಕೊಟ್ಟರು. ಬಾಯಿ ಒಂದು, ಕೈ ಇನ್ನೊಂದು. ಮಾವನ ಮನೆತನದವರೆಲ್ಲ ಹಾಗೆಯೇ.

ಕೃಷ್ಣಗಿರಿ ಅಣೆಕಟ್ಟಿನ ಹತ್ತಿರದ ಮೀನುಮರಿ ಕೇಂದ್ರದಲ್ಲಿದ್ದು, ಕಾಲೇಜಿನ ಪರವಾಗಿ ನನಗೆ ಮಾರ್ಗದರ್ಶಕರಾಗಿದ್ದ ಮೇಷ್ಟ್ರು ಗೆಂಡೆ ಮರಿಗಳನ್ನು ಕೊಟ್ಟರು. ಹಿತ್ತಿಲಲ್ಲಿ ಎರಡು ತೊಟ್ಟಿ ಕಟ್ಟಿದೆ. ತೌಡು, ಕಡಲೆಕಾಯಿ ಹಿಂಡಿ ಕಲಸಿ ಉಂಡೆ ಮಾಡಿ, ಒಂದು ತೊಟ್ಟಿಗೆ ಮೀನೆಣ್ಣೆ ಸೇರಿಸಿದ್ದು, ಇನ್ನೊಂದಕ್ಕೆ ಹುಚ್ಚೆಳ್ಳೆಣ್ಣೆಯದು. ಮೀನೆಣ್ಣೆಯ ಡಬ್ಬ ಹೊಸೂರು ಬಸ್ಸಿನಲ್ಲಿ ಸೋರಿದ ದಿನ ಕಂಡಕ್ಟರು, "ಕರುವಾಡು ಯಾರ್ದಯ್ಯಾ? ಇಳೀರಿ ಕೆಳಗೆ!" ಎಂದು ಒಣಮೀನಿನ ಗಿರಾಕಿಯನ್ನು ಹುಡುಕಿದಾಗ, ನಾನೂ ಎಲ್ಲರೊಂದಿಗೆ ಮೂಗು ಮುಚ್ಚಿಕೊಂಡು ಅತ್ತಿತ್ತ ನೋಡಿದೆ. ವಿದ್ಯೆಯ ಮೊದಲ ಪ್ರಯೋಜನ ಅದು.

ಪ್ರತಿ ಶನಿವಾರ ನಾನು ಮೇಷ್ಟ್ರಿಗೆ ವರದಿ ಒಪ್ಪಿಸಲು ಕೃಷ್ಣಗಿರಿಗೆ ಹೋಗುತ್ತಿದ್ದೆ. ಆ ದಿನ ಮೇವು ಹಾಕುವ ಕೆಲಸ ಅಮ್ಮನದು. ಕೊನೆಗೆ ತೂಗಿ ನೋಡಿದರೆ ಎರಡು ತೊಟ್ಟಿಯ ಮೀನುಗಳೂ ಒಂದೇ ಸಮ! ನಾನು ಗೆದ್ದೆ ಎಂದುಕೊಂಡೆ. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಯಾವ ಗೋಡೆಗೆ ತೂಗುಹಾಕುವುದೆಂದೂ ನೋಡಿಕೊಂಡೆ. ಆಮೇಲೆ ಉಳಿದ ಮೇವಿನ ಡಬ್ಬ ತೆಗೆದರೆ ಮೀನೆಣ್ಣೆಯ ಉಂಡೆಗಳು ಇರಬೇಕಾದ್ದಕ್ಕಿಂತ ಹೆಚ್ಚಾಗಿ ಉಳಿದಿವೆ.

"ಅಮ್ಮಾ, ಇವನ್ನ ಹಾಕಲಿಲ್ಲವಾ?"

"ಶ್ರಾವಣ ಶನಿವಾರ ಹೆಂಗಪ್ಪಾ ಹಾಕ್ಲಿ? ನಾವೆಲ್ಲ ಒಪ್ಪತ್ತು ಇದ್ದು ಗೋವಿಂದ ಅಂತಿರ್ಬೇಕಾದ್ರೆ ಅವು ಮಾತ್ರ ಮೀನೆಣ್ಣೆ ತಿನ್ಬೋದಾ? ಮನೇಲಿರೋ ಜೀವಗಳಲ್ವಾ? ಎರಡಕ್ಕೂ ಹುಚ್ಚೆಳ್ಳಿಂದೇ ಹಾಕ್ದೆ."

ನಾನು ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಶ್ರಾವಣದ ಶನಿವಾರ ನಮ್ಮ ಮನೆಯಲ್ಲಿ ಬಾಡು, ಮೀನು ಮುಟ್ಟುವುದಿಲ್ಲ. ಅದನ್ನು ಮರೆತು ಪ್ರಯೋಗಕ್ಕೆ ಹೊರಟವನು ನಾನು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಗೆಂಡೆಗಳಂತೂ ಹೇಳುವುದಿಲ್ಲ. ಆದರೆ ವ್ರತ ಮಾಡಿದ ಮೀನುಗಳನ್ನು ತೋರಿಸಿ ಪದವಿ ಪಡೆದರೆ, ಆ ಕಾಗದ ಮಾವ ಹೇಳಿದಂತೆ ಕೈಯಿಂದ ಜಾರುತ್ತದೆ ಅನಿಸಿತು. ಮೇಷ್ಟ್ರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಕನ್ನಡಕ ಒರೆಸಿಕೊಂಡು, "ದೀಪಾವಳಿ ಕಳೀಲಿ ತಂಬಿ, ಮೊದಲಿಂದ ಶುರು ಮಾಡು. ಈ ಸಲ ಅಮ್ಮನ ಹತ್ರ ಪಂಚಾಂಗ ಕೇಳ್ಕೊಂಡು ಬಾ" ಎಂದರು.

ಜೊತೆಯವರು ಪದವಿ ಪಡೆದು ಕೆಲಸಕ್ಕೆ ಸೇರುತ್ತಿದ್ದಾಗ ನಾನು ಹಿತ್ತಿಲಲ್ಲಿ ಮತ್ತೆ ಉಂಡೆ ಕಟ್ಟುತ್ತಿದ್ದೆ. ಮಾವ ದಿನವೂ ತೊಟ್ಟಿಯ ಬಳಿ ಬಂದು, "ಎತ್ತು ನಿನ್ನ ಕೇಳ್ತಿತ್ತು ಕಣ್ಲಾ" ಎಂದು ಹೇಳಿ ಹೋಗುತ್ತಿದ್ದರು. ಹೋಗುವ ಮುಂಚೆ ಹುಚ್ಚೆಳ್ಳಿನ ತೊಟ್ಟಿಗೆ ಬಗ್ಗಿ ನೋಡುವುದನ್ನು ಮಾತ್ರ ಮರೆಯುತ್ತಿರಲಿಲ್ಲ. ಈ ಸಲ ಶನಿವಾರವೂ ಮೀನೆಣ್ಣೆ ತಿಂದ ಮೀನುಗಳ ಪಕ್ಕದಲ್ಲಿ, ಹುಚ್ಚೆಳ್ಳೆಣ್ಣೆಯ ಮೀನುಗಳು ಕೂದಲೆಳೆಯಷ್ಟೂ ಹಿಂದೆ ಬೀಳದೆ ಬೆಳೆದವು.

ಮರುವರ್ಷ ಪ್ರಮಾಣಪತ್ರ ತಂದು ಗಾಣದ ಮನೆಯಲ್ಲೇ ಮಾವನ ಕೈಗೆ ಕೊಟ್ಟೆ. ಅವರು ಪಂಚೆಗೆ ಎರಡೂ ಕೈ ಚೆನ್ನಾಗಿ ಒರೆಸಿಕೊಂಡು, ಅಂಚಿನಲ್ಲಿ ಹಿಡಿದು, ಬೆಳಕಿಗೆ ಎತ್ತಿ ಬಹಳ ಹೊತ್ತು ನೋಡಿದರು. ಈಗಲಾದರೂ ಸೋತೆ ಎನ್ನುತ್ತಾರೆಂದು ನಾನು ಎದೆ ಉಬ್ಬಿಸಿ ನಿಂತಿದ್ದೆ.

"ಪಾಸಾಗಿದ್ದು ನನ್ ಎಣ್ಣೆ ಕಣ್ಲಾ," ಎಂದರು ಮಾವ, ಕಣ್ಣೊರೆಸಿಕೊಳ್ಳುತ್ತಾ. "ನೀನು ಅದರ ಜತೇಲಿ ಹೋಗಿದ್ದೆ, ಅಷ್ಟೆ."