ಎಮ್ಮೆಯ ಶೋಕ, ಕೊಟ್ಟಿಗೆಯ ಬಲ್ಬು

ದುಃಖಕ್ಕೂ ಒಂದು ಜಂಬವಿರುತ್ತದೆ. ಒಪ್ಪಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ. ಹೆಂಡತಿ ಗಂಗವ್ವ ತೀರಿಕೊಂಡ ಮೇಲೆ ನಮ್ಮ ಎಮ್ಮೆ ಕಾಳಿ ನಿದ್ದೆ ಬಿಟ್ಟಿತು. ರಾತ್ರಿಯಿಡೀ ನಿಂತು ಕಾಲು ಬದಲಿಸುವುದು, ಬೆಳಿಗ್ಗೆ ಬಕೆಟ್ಟು ಒದೆಯುವುದು. ಮಾತಾಡಿಸಲು ಬಂದ ಬೀಗರನ್ನೆಲ್ಲ ಚಹಾಕ್ಕಿಂತ ಮೊದಲು ಕೊಟ್ಟಿಗೆಗೆ ಕರೆದೊಯ್ದು, ಮೂಕ ಪ್ರಾಣಿಗೂ ಎಷ್ಟು ಸಂಕಟ ನೋಡಿರಿ ಎನ್ನುತ್ತಿದ್ದೆ. ಇಂಥ ಎಮ್ಮೆ ನಮ್ಮ ತಂಬೂರು ಊರಲ್ಲೆಲ್ಲ ಇನ್ನೊಂದಿರಲಿಲ್ಲ. ಬೀಗರೊಬ್ಬರು ಅದರ ಮುಂದೆ ಕಣ್ಣೊರೆಸಿಕೊಂಡರು. ನನ್ನ ಮುಂದೆ ಒರೆಸಿಕೊಂಡಿರಲಿಲ್ಲ.

ಹಾಲು ಅರ್ಧಕ್ಕಿಳಿದಾಗ ಬಾಜು ಮನೆಯ ಮಾಬೂಬಿ ದನದ ಡಾಕ್ಟರನ್ನು ಕರೆಸಿದಳು. ಅವರು ಕಾಳಿಯ ಕಣ್ಣು, ಕೆಚ್ಚಲು ನೋಡಿ, ಕೊನೆಗೆ ತಲೆಯೆತ್ತಿ ಬಲ್ಬು ನೋಡಿದರು. ಹಗಲು ಹನ್ನೊಂದಕ್ಕೂ ಉರಿಯುತ್ತಿತ್ತು. ಆಸ್ಪತ್ರೆಗೆ ಹೊರಟ ಸಂಜೆ ಗಂಗವ್ವ ಹಾಲು ಹಿಂಡಲು ಹಚ್ಚಿದ್ದ ಬಲ್ಬು ಅದು. ಕರೆಂಟು ಹೋದಾಗ ಹೋಗುತ್ತಿತ್ತು, ಬಂದಾಗ ಬರುತ್ತಿತ್ತು. ಸ್ವಿಚ್ಚನ್ನು ಮಾತ್ರ ನಾನು ಮುಟ್ಟಿರಲಿಲ್ಲ.

"ಕತ್ತಲಾದರ ಮಿದುಳಿನಾಗ ಮೆಲಟೋನಿನ್ ಅಂತ ಒಂದು ಹಾರ್ಮೋನು ಏರತೈತ್ರಿ," ಎಂದರು ಡಾಕ್ಟರು. "ರಾತ್ರಿ ಆತು ಅಂತ ಮೈಗೆ ಹೇಳೂದು ಅದೇ. ನಿಮ್ಮ ಬಲ್ಬು ಅದನ್ನ ಏರಾಕ ಬಿಡವಲ್ದು. ಎಮ್ಮಿ ಪಾಲಿಗೆ ಇನ್ನೂ ಸಂಜಿ ಮುಗದಿಲ್ರಿ. ಅಂದಂಗ, ಅದು ರಾತ್ರಿಯೆಲ್ಲಾ ಮಲಗೂದಿಲ್ಲಂತ ನಿಮಗ ಹೆಂಗ ಗೊತ್ತಾತು?"

ನಾನು ಬಾಯಿ ತೆರೆಯುವ ಮೊದಲೇ ಮಾಬೂಬಿ, ನನ್ನ ಹಾಸಿಗೆ ಕೊಟ್ಟಿಗೆಯ ಕಿಟಕಿಯ ಪಕ್ಕದಲ್ಲೇ, ಆ ಬಲ್ಬಿನ ಬೆಳಕಿನಲ್ಲೇ ಇದೆಯೆಂದು ಹೇಳಿಬಿಟ್ಟಳು.

ಮೊದಲು ಅವಮಾನವಾಯಿತು, ಆಮೇಲೆ ಮೈ ಜುಮ್ಮೆಂದಿತು. ಅಷ್ಟು ದೊಡ್ಡ ಎಮ್ಮೆಯನ್ನು ಮಲಗಿಸಲು ಕಣ್ಣಿಗೆ ಕಾಣದಷ್ಟು ರಸ ಸಾಕಂತೆ! ಡೇರಿಯ ಸಾಲಿನಲ್ಲಿ, ಚಹಾದಂಗಡಿಯಲ್ಲಿ, ಸಿಕ್ಕವರಿಗೆಲ್ಲ ಹೇಳಿದೆ. ಕೋಳಿಗೂ ಅದೇ, ನಾಯಿಗೂ ಅದೇ, ನಿಮಗೂ ಅದೇ ಎಂದೆ. ನನಗೂ ಎನ್ನುವುದು ಮರೆತಿತ್ತು.

ಸಂಜೆ ಹಾಲು ಹಿಂಡಿ, ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತೇ ಇದ್ದೆ. ಆರಿಸಿದರೆ ಆಕೆ ಹೋದದ್ದು ಖರೇ ಆಗಿಬಿಡುತ್ತದಲ್ಲ.

"ಹಗಲೂ ರಾತ್ರಿ ಕರೆಂಟ ಸುಟ್ಟಿದ್ದಕ್ಕ ಗಂಗವ್ವ ಕಾಕು ನಿಮಗ ಎಷ್ಟ ಬೈತಿದ್ರೋ ಏನೋ, ಕಾಕಾ," ಎಂದಳು ಮಾಬೂಬಿ ಗೋಡೆಯಾಚೆಯಿಂದ.

ಆ ಬೈಗುಳ ಅಕ್ಷರ ಬಿಡದೆ ಕಿವಿಯಲ್ಲಿ ಕೇಳಿಸಿತು. ಆರಿಸಿದೆ.

ನಾಲ್ಕನೆಯ ದಿನ ನಸುಕಿನಲ್ಲಿ ಕಾಳಿ ಕುತ್ತಿಗೆ ಮಡಚಿ ಮಲಗಿದ್ದನ್ನು ಮಾಬೂಬಿ ನೋಡಿದಳು. ನಾನು ನೋಡಲಿಲ್ಲ. ಬಿಸಿಲೇರಿದ ಮೇಲೆ ಕೆಚ್ಚಲು ತುಂಬಿ ಅದೇ ಕೂಗಿ ಕೂಗಿ ನನ್ನನ್ನು ಎಬ್ಬಿಸಬೇಕಾಯಿತು. ಇನ್ನು ಬೀಗರು ಮಾತಾಡಿಸಲು ಬಂದರೆ ತೋರಿಸಲು ನನ್ನ ಹತ್ತಿರ ಏನೂ ಉಳಿದಿಲ್ಲ. ಬರೀ ಚಹಾ ಕೊಡಬೇಕು.